ಗಾಯದ ಅಳತೆಯೂ ಅಪರಾಧದ ನಿರ್ಣಯವೂ

ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ‘ದಿ ಚೈನಾ ಸಿಂಡ್ರೋಮ್’ ಎಂಬ ಪ್ರಬಂಧಕ್ಕೆ ವಿದ್ವತ್ಕೃತಿಗಳಿಗೆ ವಿರಳವಾದ ಭಾಗ್ಯವೂ ದೌರ್ಭಾಗ್ಯವೂ ಒಟ್ಟಿಗೇ ಒದಗಿದವು. ಅದನ್ನು ಓದದವರೂ ಅದನ್ನು ಉದಾಹರಿಸತೊಡಗಿದರು. ಅಮೆರಿಕದ ಕಾರ್ಮಿಕನ ಅನ್ನ ಕಸಿದದ್ದು ಚೀನವೇ ಎಂಬ ತೀರ್ಪು ಅದರಲ್ಲಿದೆಯೆಂದು ಬಹುಮಂದಿ ಭಾವಿಸಿದರು. ಆದರೆ ಲೇಖಕರು ಕೈಗೊಂಡದ್ದು ಗಾಯದ ಆಳವನ್ನು ಅಳೆಯುವ ಕಾರ್ಯವನ್ನು ಮಾತ್ರ.

ಆ ಅಳತೆ ಶ್ಲಾಘ್ಯವಾದುದು. ದೇಶವನ್ನು 722 ಉದ್ಯೋಗವಲಯಗಳಾಗಿ ವಿಂಗಡಿಸಿ, 1990ರಿಂದ 2007ರವರೆಗೆ ಚೀನದ ಸರಕಿನ ಪೈಪೋಟಿ ಯಾವ ವಲಯಕ್ಕೆ ಎಷ್ಟು ತಟ್ಟಿತೆಂಬುದನ್ನು ಅವರು ಶೋಧಿಸಿದ್ದಾರೆ. ಕೈಗಾರಿಕಾ ಉದ್ಯೋಗದ ಕುಸಿತದಲ್ಲಿ ಸುಮಾರು ಕಾಲುಭಾಗಕ್ಕೆ ಈ ಆಮದು ಕಾರಣವೆಂಬುದು ಅವರ ನಿರ್ಣಯ. ಉಳಿದ ಮುಕ್ಕಾಲು ಭಾಗದ ವಿಚಾರ ಚುನಾವಣೆಯ ವೇದಿಕೆಗಳಲ್ಲಿ ಕೇಳಿಬರುವುದು ಅಪರೂಪ. ಕೆಲಸ ಕಳೆದುಕೊಂಡವನು ಬೇರೆ ಊರಿಗೆ ಹೋಗಿ ಬೇರೆ ಕಸುಬು ಹಿಡಿಯುವನೆಂಬುದು ಪಠ್ಯಪುಸ್ತಕಗಳ ನಂಬಿಕೆ. ಹಾಗಾಗಲಿಲ್ಲ, ಜನ ಊರು ಬಿಡಲಿಲ್ಲ, ಅಂಗವಿಕಲರ ವೇತನ ಪಡೆಯುವವರು ಹೆಚ್ಚಿದರು. ಪ್ರಬಂಧದ ನಿಜವಾದ ಸತ್ತ್ವವಿರುವುದು ಇಲ್ಲಿ.

ಕೊರತೆಯಿರುವುದು ಪರಿಭಾಷೆಯಲ್ಲಿ. 2016ರ ತಮ್ಮ ಇನ್ನೊಂದು ಲೇಖನಕ್ಕೆ ಇದೇ ಲೇಖಕರು ‘ಚೀನ ಆಘಾತ’ವೆಂಬ ಹೆಸರಿತ್ತರು. ಆಘಾತವೆಂದರೆ ಭೂಕಂಪದಂತೆ ತಾನಾಗಿ ಬಂದೆರಗಿದುದು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಕ್ರಿಯಾಪದವಿದೆ, ಕರ್ತೃಪದವಿಲ್ಲ. ಆದರೆ ಕರ್ತೃಗಳು ಇದ್ದರು. 2000ದ ಮೇ 24ರಂದು ಅಮೆರಿಕದ ಪ್ರತಿನಿಧಿಸಭೆಯು ಚೀನಕ್ಕೆ ಶಾಶ್ವತ ವ್ಯಾಪಾರಸಂಬಂಧವನ್ನು 237–197 ಮತಗಳಿಂದ ಅಂಗೀಕರಿಸಿತು. ಎರಡೂ ಪಕ್ಷಗಳವರು ಪರವಾಗಿ ಮತವಿತ್ತಿದ್ದರು. ಅಧ್ಯಕ್ಷ ಕ್ಲಿಂಟನ್ ಅಕ್ಟೋಬರ್ 10ರಂದು ಸಹಿಮಾಡಿದರು. ಆ ಶಾಸನ ಸುಂಕವನ್ನು ಇಳಿಸಲಿಲ್ಲವೆಂಬುದು ಗಮನಾರ್ಹ. ರಿಯಾಯಿತಿಯನ್ನು ವರ್ಷವರ್ಷವೂ ನವೀಕರಿಸಬೇಕಾಗಿದ್ದ ಕಟ್ಟಳೆಯನ್ನು ಅದು ತೆಗೆದುಹಾಕಿತು. ರಿಯಾಯಿತಿ ತಪ್ಪೀತೆಂಬ ಭಯ ಹೋದೊಡನೆ ಬಂಡವಾಳ ಧೈರ್ಯವಾಗಿ ಕಡಲು ದಾಟಿತು. ವಾಣಿಜ್ಯಸ್ವಾತಂತ್ರ್ಯದ ಆಚಾರ್ಯನಾದ ರಿಕಾರ್ಡೋ 1817ರಲ್ಲಿಯೇ ಬಂಡವಾಳದ ಒಡೆಯರು ಸ್ವದೇಶವನ್ನು ಬಿಡಲು ಹಿಂಜರಿಯುವರೆಂದು ಎಣಿಸಿದ್ದನು, ಆ ಹಿಂಜರಿಕೆ ಕುಂದಬಾರದೆಂದೂ ಬಯಸಿದ್ದನು. ಅವನ ಹೆಸರು ಹೇಳುವವರು ಈ ಪುಟವನ್ನು ಮಗುಚಿಬಿಡುತ್ತಾರೆ.

ಹಾಗೆಂದು ಚೀನ ನಿರ್ದೋಷಿಯಲ್ಲ. 2005ರ ಜುಲೈವರೆಗೆ ಹತ್ತು ವರ್ಷ ಅದು ತನ್ನ ನಾಣ್ಯವನ್ನು ಡಾಲರಿಗೆ ಸುಮಾರು 8.28 ಯುವಾನಿನಂತೆ ಕಟ್ಟಿಹಾಕಿತ್ತು. ಹಳ್ಳಿಯಿಂದ ಬಂದ ಕೂಲಿಗಾರನಿಗೆ ನಗರದ ಪೂರ್ಣ ಹಕ್ಕುಗಳನ್ನು ನಿರಾಕರಿಸುವ ಹುಕೌ ಪದ್ಧತಿಯ ಭಾರವನ್ನು ಹೊತ್ತವನೂ ಕಾರ್ಮಿಕನೇ.

ಬೆತ್ ಮೇಸಿಯವರ ‘ಫ್ಯಾಕ್ಟರಿ ಮ್ಯಾನ್’ (2014) ಗ್ರಂಥವು ಪ್ರಬಂಧ ಬಿಟ್ಟ ತೆರವನ್ನು ಕೊಂಚ ತುಂಬುತ್ತದೆ. ಇದು ವರ್ಜೀನಿಯದ ಗೇಲ್ಯಾಕ್ಸಿನಲ್ಲಿ ಪೀಠೋಪಕರಣದ ಕಾರ್ಖಾನೆ ನಡೆಸಿದ ಜಾನ್ ಬ್ಯಾಸೆಟ್ಟರ ಕಥೆ. ಅಗ್ಗದ ಚೀನೀ ಸರಕಿನ ವಿರುದ್ಧ ಅವರು ದಾವೆ ಹೂಡಿದಾಗ ಎದುರು ನಿಂತವರಲ್ಲಿ ಅಮೆರಿಕದ ವರ್ತಕರೇ ಇದ್ದರು. 2005ರಲ್ಲಿ ಪ್ರತಿಸುಂಕ ಬಂದಿತು. ಉತ್ಪಾದನೆ ಬಹುಮಟ್ಟಿಗೆ ವಿಯೆಟ್ನಾಮಿಗೆ ಸರಿಯಿತು. ಮೇಸಿಯವರು ನಾಯಕನನ್ನು ಮೆಚ್ಚುವ ಭರದಲ್ಲಿ ಈ ವ್ಯಂಗ್ಯವನ್ನು ಇನ್ನಷ್ಟು ಬಿಡಿಸಬಹುದಾಗಿತ್ತು.

ದೇಶಕ್ಕೆ ಲಾಭವಾದರೆ ನಷ್ಟಹೊಂದಿದವನಿಗೆ ಅದರಿಂದ ತುಂಬಿಕೊಡಬಹುದೆಂಬುದು ಶಾಸ್ತ್ರದ ಸಮಾಧಾನ. ಕೊಡಬಹುದೆಂದರು, ಕೊಡಲಿಲ್ಲ. ಕೆನಡಿಯವರ ಕಾಲದ 1962ರ ವಾಣಿಜ್ಯಶಾಸನ ಇಂಥ ನೆರವನ್ನು ವಾಗ್ದಾನಮಾಡಿತ್ತು. 1969ರವರೆಗೆ ಯಾವೊಂದು ಕಾರ್ಮಿಕರ ಅರ್ಜಿಯೂ ಮಂಜೂರಾಗಲಿಲ್ಲ. ಆಟರ್ ಮತ್ತು ಸಂಗಡಿಗರ ಲೆಕ್ಕದಲ್ಲಿಯೂ ಆ ನೆರವು ಅಂಗವಿಕಲ ವೇತನದ ಮುಂದೆ ಅತ್ಯಲ್ಪ. 2018ರಲ್ಲಿ ಹೇರಿದ ಸುಂಕಗಳಿಂದ ರಕ್ಷಿತ ಉದ್ಯಮಗಳಲ್ಲಿ ಕೆಲಸ ಹೆಚ್ಚಿದ ಕುರುಹು 2024ರ ಅವರ ಶೋಧದಲ್ಲಿ ಕಾಣಲಿಲ್ಲ. ಇತ್ತ ನೆರವಿನ ಯೋಜನೆಯ ಅವಧಿಯನ್ನು ಕಾಂಗ್ರೆಸ್ಸು ಮುಂದುವರಿಸಲಿಲ್ಲವಾಗಿ, 2022ರ ಜುಲೈ 1ರಿಂದ ಹೊಸ ಅರ್ಜಿಗಳ ಸ್ವೀಕಾರವೇ ನಿಂತುಹೋಯಿತು.