ಮೆದಕ್ ಚರ್ಚು: ಎತ್ತರದ ಮಾತು, ಅನ್ನದ ಮಾತು

ಹಳೆಯ ಕಟ್ಟಡದ ಮುಂದೆ ನಿಂತಾಗ ನಮ್ಮಲ್ಲಿ ಎರಡು ಪ್ರಶ್ನೆಗಳು ಬೇಗ ಹುಟ್ಟುತ್ತವೆ. ಎಷ್ಟು ಎತ್ತರ? ಯಾರದು? ಕಟ್ಟಿದವರು ಆ ದಿನಗಳಲ್ಲಿ ಏನು ಉಂಡರು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ತೆಲಂಗಾಣದ ಮೆದಕ್ ಚರ್ಚಿನ ಕುರಿತ ಬರಹಗಳಲ್ಲೂ ಇದೇ ಕಥೆ. ಆದರೆ ಮೂರನೆಯ ಪ್ರಶ್ನೆ ಕೇಳದೆ ಈ ಚರ್ಚು ಅರ್ಥವಾಗುವುದಿಲ್ಲ ಎಂದು ನಮ್ಮ ಅಭಿಪ್ರಾಯ.

ಮೆದಕ್ ಹೈದರಾಬಾದಿನಿಂದ ಸುಮಾರು 100 ಕಿಲೋಮೀಟರ್ ದೂರದ ಊರು. ನಿಜಾಮರ ಕಾಲದಲ್ಲಿ ಸುತ್ತಲೂ ಕೃಷಿಯನ್ನೇ ನಂಬಿದ್ದ ಹಳ್ಳಿಗಳಿದ್ದವು. ಇಂಗ್ಲೆಂಡಿನ ವೆಸ್ಲಿಯನ್ ಮಿಷನರಿ ಚಾರ್ಲ್ಸ್ ವಾಕರ್ ಪೋಸ್ನೆಟ್ ಅಲ್ಲಿ 1914ರಲ್ಲಿ ಚರ್ಚಿನ ಕೆಲಸ ಆರಂಭಿಸಿದರು. ಅದು ಮುಗಿದು ಬಾಗಿಲು ತೆರೆದದ್ದು 1924ರ ಡಿಸೆಂಬರ್ 25ರಂದು. ನಡುವಿನ ಹತ್ತು ವರ್ಷಗಳು ಸುಖದವಾಗಿರಲಿಲ್ಲ. ಮಹಾಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. 1918ರಲ್ಲಿ ದಖ್ಖನಿಗೆ ಮಳೆ ಕೈಕೊಟ್ಟಿತು, ಅದೇ ವರ್ಷ ಇನ್‌ಫ್ಲುಯೆಂಜಾ ಮನೆಮನೆಗೆ ನುಗ್ಗಿತು. ಹಸಿದವರಿಗೆ ಕೆಲಸ ಕೊಟ್ಟು, ಕೆಲಸಕ್ಕೆ ಕಾಳು ಕೊಟ್ಟು ಎಬ್ಬಿಸಿದ ಕಟ್ಟಡ ಇದು.

ಅಳತೆಯಲ್ಲಿ ಇದು 200 ಅಡಿ ಉದ್ದ, 100 ಅಡಿ ಅಗಲ. ಗಂಟೆಯ ಗೋಪುರ 175 ಅಡಿ. ಶೈಲಿ ಯುರೋಪಿನ ಗೋಥಿಕ್: ಚೂಪಾದ ಕಮಾನು, ಮೇಲಕ್ಕೆ ಸೆಳೆಯುವ ಕಂಬ, ಬಣ್ಣದ ಗಾಜಿನ ದೊಡ್ಡ ಕಿಟಕಿ. ಚೂಪು ಕಮಾನು ಯುರೋಪಿನ ಗೋಥಿಕ್‌ಗಿಂತ ಮೊದಲೇ ಮುಸ್ಲಿಂ ನಾಡುಗಳ ಮಸೀದಿಗಳಲ್ಲಿತ್ತು. ಹಾಗಾಗಿ ದಖ್ಖನಿನ ಕಣ್ಣಿಗೆ ಅದು ತೀರಾ ಪರಕೀಯವಲ್ಲ. ಯೇಸುವಿನ ಸ್ವರ್ಗಾರೋಹಣ, ಜನನ ಮತ್ತು ಶಿಲುಬೆಯ ಮರಣವನ್ನು ತೋರಿಸುವ ಮೂರು ಗಾಜಿನ ಕಿಟಕಿಗಳನ್ನು ಇಂಗ್ಲೆಂಡಿನ ಕಲಾವಿದ ಫ್ರ್ಯಾಂಕ್ ಸಾಲಿಸ್‌ಬರಿ ರೂಪಿಸಿದರು. ಇವುಗಳ ಬಣ್ಣ ಬೆಳಗುವುದು ಹಗಲಿನಲ್ಲಿ, ಒಳಗೆ ನಿಂತವರಿಗೆ ಮಾತ್ರ.

ಈಗ ದಂತಕಥೆಗೆ ಬರೋಣ. ಗೋಪುರ ಚಾರ್ಮಿನಾರನ್ನು ಮೀರಿತೆಂದು ನಿಜಾಮರು ಸಿಟ್ಟಾದರಂತೆ, ಎತ್ತರ ತಗ್ಗಿಸಲು ಯತ್ನಿಸಿದರಂತೆ. ಚಾರ್ಮಿನಾರಿನ ಎತ್ತರವೆಂದು ಸಾಮಾನ್ಯವಾಗಿ ಹೇಳುವುದು 184 ಅಡಿ. ಲೆಕ್ಕವೇ ಕೂಡಿಬರುವುದಿಲ್ಲ. ಇನ್ನೊಂದು ಮಾತು, ವ್ಯಾಟಿಕನ್ ಬಿಟ್ಟರೆ ಜಗತ್ತಿನಲ್ಲಿ ಇದೇ ದೊಡ್ಡ ಧರ್ಮಪ್ರಾಂತವೆಂಬುದು. ವ್ಯಾಟಿಕನ್ ರೋಮನ್ ಕ್ಯಾಥೊಲಿಕರ ಕೇಂದ್ರ. ಮೆದಕ್ 1947ರಲ್ಲಿ ಹುಟ್ಟಿದ ಪ್ರೊಟೆಸ್ಟೆಂಟ್ ಒಕ್ಕೂಟವಾದ ದಕ್ಷಿಣ ಭಾರತ ಸಭೆಗೆ ಸೇರಿದ್ದು. ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ ಇವು. ಇಂಥ ಮಾತುಗಳಿಂದ ಚರ್ಚಿನ ಘನತೆ ಹೆಚ್ಚುವುದಿಲ್ಲ. ಆರಾಧನಾಲಯಗಳು ಜಟ್ಟಿಗಳಂತೆ ಎದುರುಬದುರು ನಿಲ್ಲುತ್ತವೆ, ಅಷ್ಟೆ. ಮುಸ್ಲಿಂ ದೊರೆಯ ರಾಜ್ಯದಲ್ಲಿ ಹತ್ತು ವರ್ಷ ಕೆಲಸ ನಡೆದು ಇಷ್ಟು ದೊಡ್ಡ ಚರ್ಚು ಎದ್ದು ನಿಂತಿತೆಂಬ ಸರಳ ಸತ್ಯ ದಂತಕಥೆಯ ಅಡಿಯಲ್ಲಿ ಹೂತುಹೋಗುತ್ತದೆ.

ಹೋಲಿಸಲೇಬೇಕೆಂದರೆ ಲಖನೌದ ಬಡಾ ಇಮಾಂಬಾಡಾ ಇದೆ. ಉರ್ದು ಓದಿದವರಿಗೆ ಆ ಕಥೆ ಗೊತ್ತು. 1784ರ ಕ್ಷಾಮದಲ್ಲಿ ಅವಧದ ನವಾಬ ಆಸಫುದ್ದೌಲ ಜನರಿಗೆ ಕೂಲಿ ಸಿಗಲೆಂದೇ ಅದನ್ನು ಕಟ್ಟಿಸಿದ. ಅಲ್ಲಿ ಶಿಯಾ ನವಾಬ, ಇಲ್ಲಿ ಇಂಗ್ಲಿಷ್ ಪಾದ್ರಿ. ಧರ್ಮ ಬೇರೆ, ಭಾಷೆ ಬೇರೆ, ನಡುವೆ 130 ವರ್ಷಗಳ ಅಂತರ. ಬಡವನ ಮಾನ ಉಳಿಸಿ ಅನ್ನ ಕೊಡುವ ಉಪಾಯ ಮಾತ್ರ ಒಂದೇ.

ಹಾಗೆಂದು ಮೆದಕ್ ಚರ್ಚನ್ನು ನಾವು ಪ್ರಶ್ನಿಸಬಾರದೆಂದಿಲ್ಲ. ಅನ್ನದ ಆಸೆಗೆ ಮತಾಂತರ ನಡೆಯಿತೆಂಬ ಆರೋಪ ಹಳೆಯದು. ಕೊಡುವ ಕೈ ಮತ್ತು ಬೇಡುವ ಕೈ ಸಮನಲ್ಲ. ಈ ಎಚ್ಚರ ದಾನ ಮಾಡುವ ಪ್ರತಿ ಧರ್ಮಕ್ಕೂ ಬೇಕು. ಆದರೆ ಆ ಸೀಮೆಯಲ್ಲಿ ಮಿಷನ್ನಿಗೆ ಸೇರಿದವರಲ್ಲಿ ಬಹುಪಾಲು ಮಾಲ, ಮಾದಿಗ ಜನ. ಊರಿನ ಗುಡಿಯ ಹೊಸ್ತಿಲು ತುಳಿಯಲಾಗದವರು ಅವರು. ಒಳಗೆ ಕೂರಬಹುದಾದ ಮನೆಯೊಂದು ಅವರಿಗೆ ಸಿಕ್ಕಿದ್ದು ಬರೀ ಹೊಟ್ಟೆಯ ಮಾತೇ? ಆರೋಪಿಸುವವರು ಮೊದಲು ಆ ಹೊಸ್ತಿಲಿನ ಲೆಕ್ಕ ಒಪ್ಪಿಸಲಿ.

ನಮ್ಮ ತಕರಾರು ಬೇರೆ. ಗಾಜು ರೂಪಿಸಿದವರ ಹೆಸರು ಉಳಿದಿದೆ. ನೆಲಕ್ಕೆ ಹಾಸಿದ ಬಣ್ಣದ ಹಂಚು ಬ್ರಿಟನ್ನಿನಿಂದ ಬಂತೆಂದು ಹೆಮ್ಮೆಯಿಂದ ಹೇಳುತ್ತಾರೆ. ಗೋಡೆಯ ಕಲ್ಲು ಒಡೆದು, ಹೊತ್ತು, ಏರಿಸಿದ ಹೆಂಗಸರು ಗಂಡಸರು ಮಾತ್ರ 'ಬರಪೀಡಿತರು' ಎಂಬ ಒಂದೇ ಪದದಲ್ಲಿ ಕರಗಿದ್ದಾರೆ. ಇಮಾಂಬಾಡಾದಲ್ಲೂ ಆದದ್ದು ಇದೇ. 2024ರ ಡಿಸೆಂಬರಿಗೆ ಚರ್ಚು ನೂರು ವರ್ಷ ಪೂರೈಸಿತು. ಗೋಪುರವನ್ನು ಅಳೆದದ್ದು ಸಾಕು. ಸುತ್ತಲ ಹಳ್ಳಿಗಳಲ್ಲಿ ಅಜ್ಜ ಅಜ್ಜಿಯರಿಂದ ಕಥೆ ಕೇಳಿದ ಹಿರಿಯರು ಇನ್ನೂ ಇರಬಹುದು. ಅವರು ಇರುವಾಗಲೇ ಆ ಹೆಸರುಗಳನ್ನು ಬರೆದುಕೊಳ್ಳಬೇಕು.