ವಿವೇಚನಾಧಿಕಾರ: ಅನುಮಾನವಷ್ಟೇ ಸಾಲದು

ದೊಡ್ಡ ಕಂಪನಿಗಳಲ್ಲಿ ಒಡೆತನ ಷೇರುದಾರರದು, ಹಿಡಿತ ವ್ಯವಸ್ಥಾಪಕರದು. ಅಮೆರಿಕದ ಈ ಸ್ಥಿತಿಯನ್ನು 1932ರಲ್ಲಿ ಅಡಾಲ್ಫ್ ಬರ್ಲೆ ಮತ್ತು ಗಾರ್ಡಿನರ್ ಮೀನ್ಸ್ ವಿವರವಾಗಿ ಚಿತ್ರಿಸಿದರು. ಹಣವನ್ನು ಎಲ್ಲಿ ಹೂಡಬೇಕು, ಲಾಭಾಂಶ ಎಷ್ಟು ಹಂಚಬೇಕು ಎಂದು ತೀರ್ಮಾನಿಸುವ ವ್ಯವಸ್ಥಾಪಕರ ವಿವೇಚನಾಧಿಕಾರದ ಸುತ್ತ ಅಲ್ಲಿಂದ ಒಂದು ಚಿಂತನಾ ಪರಂಪರೆಯೇ ಬೆಳೆಯಿತು. ಅದರ ಪ್ರಬಲ ಧಾರೆ ಈ ಅಧಿಕಾರವನ್ನು ಬರೀ ಅನುಮಾನದಿಂದ ಕಂಡಿತು ಎಂಬುದು ನನ್ನ ಆಕ್ಷೇಪ.

ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಮ್ಸನ್ 1964ರಲ್ಲಿ, ವ್ಯವಸ್ಥಾಪಕರು ಲಾಭದ ಜೊತೆಗೆ ಹೆಚ್ಚು ಸಿಬ್ಬಂದಿ, ಸವಲತ್ತು ಮತ್ತು ತಮ್ಮಿಷ್ಟದ ಹೂಡಿಕೆಗಳನ್ನೂ ಬಯಸುತ್ತಾರೆ ಎಂದು ತೋರಿಸಿದರು. 1976ರಲ್ಲಿ ಜೆನ್ಸನ್ ಮತ್ತು ಮೆಕ್ಲಿಂಗ್, ಒಡೆಯರ ಪರವಾಗಿ ಕೆಲಸ ಮಾಡುವವರ ಹಿತ ಒಡೆಯರ ಹಿತಕ್ಕಿಂತ ಬೇರೆಯಾಗಬಹುದು ಎನ್ನುವ ಏಜೆನ್ಸಿ ಸಿದ್ಧಾಂತದ ಮೂಲಕ ಇದನ್ನು ಇನ್ನಷ್ಟು ಬಿಗಿಗೊಳಿಸಿದರು. ವ್ಯವಸ್ಥಾಪಕರ ಹಿತವನ್ನು ಷೇರು ಬೆಲೆಗೆ ಕಟ್ಟಿಹಾಕಿದರೆ ಸಮಸ್ಯೆ ತಗ್ಗುತ್ತದೆ ಎಂಬ ನಂಬಿಕೆ ಮುಂದೆ ಬಲವಾಯಿತು. ಆದರೆ 2001ರಲ್ಲಿ ದಿವಾಳಿಯಾದ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಮುಖ್ಯಸ್ಥರ ಬಳಿ ಷೇರು ಆಯ್ಕೆಗಳಿಗೇನೂ (ಸ್ಟಾಕ್ ಆಪ್ಷನ್) ಕೊರತೆಯಿರಲಿಲ್ಲ. ಬೆಲೆ ಏರಿಸುವ ಆಸೆಯೇ ಲೆಕ್ಕ ತಿರುಚಲು ದಾರಿಯಾಯಿತು.

ನಿರ್ವಹಣಾ ವಿದ್ವಾಂಸರಾದ ಹ್ಯಾಂಬ್ರಿಕ್ ಮತ್ತು ಫಿಂಕೆಲ್‌ಸ್ಟೀನ್ 1987ರಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಮುಖ್ಯಸ್ಥರಿಗೆ ನಿಜಕ್ಕೂ ಎಷ್ಟು ಅವಕಾಶವಿದೆ? ಉದ್ಯಮದ ಸ್ವರೂಪ, ಸಂಸ್ಥೆಯ ಒಳಗಿನ ಕಟ್ಟುಪಾಡು, ವ್ಯಕ್ತಿಯ ಸಾಮರ್ಥ್ಯ, ಈ ಮೂರೂ ಸೇರಿ ಅದನ್ನು ನಿರ್ಧರಿಸುತ್ತವೆ ಎಂದರು. ಈ ಪರಂಪರೆಯಲ್ಲಿ ನನಗೆ ಹೆಚ್ಚು ಉಪಯುಕ್ತವೆನಿಸುವ ಭಾಗ ಇದೇ. ಅವಕಾಶವೇ ಇಲ್ಲದ ಕಡೆ ಮುಖ್ಯಸ್ಥರನ್ನು ಹೊಗಳುವುದೂ ತೆಗಳುವುದೂ ವ್ಯರ್ಥ ಎಂಬುದು ಇದರಿಂದ ತಿಳಿಯುತ್ತದೆ.

ವಿವೇಚನೆಯನ್ನು ಬರೀ ಅನುಮಾನದಿಂದ ಕಾಣಬೇಕಿಲ್ಲ ಎಂಬ ಸೂಕ್ಷ್ಮವನ್ನು ನ್ಯಾಯಾಲಯಗಳು ಮೊದಲೇ ಗ್ರಹಿಸಿದ್ದವು. ಹೆನ್ರಿ ಫೋರ್ಡ್ 1916ರಲ್ಲಿ ಕಾರಿನ ಬೆಲೆಯನ್ನು 440 ಡಾಲರ್‌ನಿಂದ 360ಕ್ಕೆ ಇಳಿಸಿ, ವಿಶೇಷ ಲಾಭಾಂಶ ನಿಲ್ಲಿಸಿ, ಹಣವನ್ನು ಹೊಸ ಕಾರ್ಖಾನೆಗೆ ತೊಡಗಿಸಲು ಹೊರಟರು. ಶೇ 10ರಷ್ಟು ಷೇರು ಹೊಂದಿದ್ದ ಡಾಡ್ಜ್ ಸಹೋದರರು ದಾವೆ ಹೂಡಿದರು. 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ 1.9 ಕೋಟಿ ಡಾಲರ್‌ಗೂ ಹೆಚ್ಚು ಲಾಭಾಂಶ ಹಂಚಲು ಆದೇಶಿಸಿತು. ಆದರೆ ನ್ಯಾಯಾಧೀಶರು ವ್ಯಾಪಾರ ಪರಿಣತರಲ್ಲ ಎಂದು ಹೇಳಿ ಕಾರ್ಖಾನೆ ವಿಸ್ತರಣೆಗೆ ಅಡ್ಡಬರಲಿಲ್ಲ. ವ್ಯಾಪಾರದ ತೀರ್ಮಾನವನ್ನು ವಿವೇಚನೆಗೆ ಬಿಟ್ಟು, ಆ ವಿವೇಚನೆಯ ಉದ್ದೇಶವನ್ನು ಮಾತ್ರ ಪ್ರಶ್ನಿಸಿದ ತೀರ್ಪಿದು.

ಫೋರ್ಡ್ ಶೇ 58ರಷ್ಟು ಷೇರಿನ ಒಡೆಯರೂ ಆಗಿದ್ದರು. ಒಡೆತನ, ಆಡಳಿತ ಎರಡೂ ಒಂದೇ ಕೈಯಲ್ಲಿರುವುದು ಭಾರತದ ಪ್ರವರ್ತಕ ಕುಟುಂಬಗಳ ಕಂಪನಿಗಳಲ್ಲಿ ಸಾಮಾನ್ಯ. ಇನ್ನು ಐಟಿ ಕಂಪನಿ ಸತ್ಯಂನಲ್ಲಿ ಪ್ರವರ್ತಕರ ಷೇರು ಶೇ 10ಕ್ಕೂ ಕಡಿಮೆಯಿದ್ದರೂ ಹಿಡಿತ ಪೂರ್ಣವಾಗಿತ್ತು. 2008ರ ಡಿಸೆಂಬರ್ 16ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳಲು ನಿರ್ದೇಶಕ ಮಂಡಳಿ ಒಪ್ಪಿತು. ಸ್ವತಂತ್ರ ನಿರ್ದೇಶಕರೂ ಅಲ್ಲಿದ್ದರು. ಹೂಡಿಕೆದಾರರು ಸಿಡಿದೆದ್ದ ಮೇಲೆ, ಕೆಲವೇ ಗಂಟೆಗಳಲ್ಲಿ ಒಪ್ಪಂದ ರದ್ದಾಯಿತು. ಲೆಕ್ಕಪುಸ್ತಕದಲ್ಲಿದ್ದ ಸುಳ್ಳು ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿ ತುಂಬುವ ಕೊನೆಯ ಯತ್ನ ಅದಾಗಿತ್ತು ಎಂದು 2009ರ ಜನವರಿ 7ರ ಪತ್ರದಲ್ಲಿ ರಾಜು ಅವರೇ ಒಪ್ಪಿಕೊಂಡರು. ಇಲ್ಲಿ ಮುಖ್ಯಸ್ಥರ ವಿವೇಚನೆ ಮಿತಿಮೀರಿತ್ತು. ಮಂಡಳಿ ತನ್ನ ವಿವೇಚನೆಯನ್ನು ಬಳಸಿರಲಿಲ್ಲ. ಏಜೆನ್ಸಿ ಸಿದ್ಧಾಂತ ಮೊದಲನೆಯದನ್ನು ಚೆನ್ನಾಗಿ ವಿವರಿಸುತ್ತದೆ, ಎರಡನೆಯದರ ಬಗ್ಗೆ ಅದು ಹೇಳುವುದು ಸಾಲದು.

ಭಾರತದ 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್ ನಿರ್ದೇಶಕರು ಸ್ವತಂತ್ರ ನಿರ್ಣಯ ಬಳಸಲೇಬೇಕು ಎನ್ನುತ್ತದೆ. ನೌಕರರು, ಸಮುದಾಯ, ಪರಿಸರದ ಹಿತವನ್ನೂ ಲೆಕ್ಕಕ್ಕೆ ತರುತ್ತದೆ. ಅಂದರೆ ವಿವೇಚನೆ ಬರೀ ಅಧಿಕಾರವಲ್ಲ, ಕರ್ತವ್ಯವೂ ಹೌದು. ಈ ಪರಿಕಲ್ಪನೆಯನ್ನು ಕೈಬಿಡಬೇಕಾಗಿಲ್ಲ. ಅದಕ್ಕೆ ಕಾರಣ ಕೊಡುವ ಹೊಣೆಯನ್ನು ಜೋಡಿಸಬೇಕು. ದೊಡ್ಡ ಖರೀದಿಗೆ ಮಂಡಳಿ ಒಪ್ಪಿದಾಗ ಏಕೆ ಒಪ್ಪಿತು, ಯಾವ ಪರ್ಯಾಯಗಳನ್ನು ತೂಗಿ ನೋಡಿತು ಎಂದು ಷೇರುದಾರರು ವಾರ್ಷಿಕ ಸಭೆಯಲ್ಲಿ ಕೇಳಲಿ. ಉತ್ತರ ಬರುವವರೆಗೂ ಕೇಳುತ್ತಲೇ ಇರಲಿ.