ನೀತಿಯ ಜರಡಿ, ಲೆಕ್ಕದ ಹೊಣೆ

ಇಸ್ಲಾಮೀ ಅರ್ಥಶಾಸ್ತ್ರವನ್ನು ಅಭಿವೃದ್ಧಿ ಯೋಜನೆಯೊಡನೆ ಸಂಬಂಧಿಸಿ ವಿವೇಚಿಸಿದ ಗ್ರಂಥಗಳಲ್ಲಿ ಎಂ. ಉಮರ್ ಚಾಪ್ರಾ ಅವರ ‘ಇಸ್ಲಾಂ ಅಂಡ್ ದಿ ಎಕನಾಮಿಕ್ ಚಾಲೆಂಜ್’ (1992) ಮುಖ್ಯವಾದುದು. ಬಂಡವಾಳ ಪದ್ಧತಿ, ಸಮಾಜವಾದ, ಕಲ್ಯಾಣರಾಜ್ಯ ಈ ಮೂರನ್ನೂ ಪರೀಕ್ಷಿಸಿ ಅವರು ಮುಂದಿಡುವ ತತ್ತ್ವವಿದು: ಭೂಮಿಯ ಸಂಪತ್ತು ಮನುಷ್ಯನ ಕೈಯಲ್ಲಿರುವ ನ್ಯಾಸ, ಆದುದರಿಂದ ಅದರ ಮೇಲಿನ ಬೇಡಿಕೆಗಳು ಬೆಲೆಯೆಂಬ ಜರಡಿಗೆ ಬರುವ ಮುನ್ನ ನೀತಿಯೆಂಬ ಜರಡಿಯನ್ನು ದಾಟಿ ಬರಬೇಕು.

ಬೆಲೆಯೊಂದೇ ತೀರ್ಪುಗಾರನಾದರೆ ಏನಾಗುವುದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಒಮ್ಮೆ ನೇಯ್ಗೆಗೆ ಹೆಸರಾಗಿದ್ದ ಸರ್ಜಾಪುರದಿಂದ ಬೆಂಗಳೂರಿನತ್ತ ಹೊರಟರೆ, ರಾಗಿಯ ಹೊಲಗಳಿದ್ದೆಡೆ ವಸತಿ ಸಮುಚ್ಚಯಗಳು ಎದ್ದಿರುವುದು ಕಾಣುತ್ತದೆ. ಆ ರಸ್ತೆಗೆ ಸಮೀಪದ ಬೆಳ್ಳಂದೂರು ಕೆರೆ ನಗರದ ಕೊಳಚೆಯಿಂದ ತುಂಬಿ ನೊರೆಯುಕ್ಕಿತು; 2015ರಲ್ಲಿಯೂ 2018ರಲ್ಲಿಯೂ ಅಲ್ಲಿ ಬೆಂಕಿ ಹೊತ್ತಿತು. ನಿವೇಶನಕ್ಕೆ ಬೆಲೆಯಿತ್ತು; ಕೆರೆಯ ಕೇಡನ್ನು ಮಾತ್ರ ಯಾರೂ ತಮ್ಮ ಖರ್ಚಿನ ಬಾಬಿನಲ್ಲಿ ಬರೆದುಕೊಳ್ಳಲಿಲ್ಲ. ಇಷ್ಟರಮಟ್ಟಿಗೆ ಚಾಪ್ರಾ ಅವರ ಆಕ್ಷೇಪಣೆ ಸಾಧುವೆಂದೇ ಒಪ್ಪಬೇಕು.

ಆದರೆ ಆ ಜರಡಿಯನ್ನು ಹಿಡಿಯುವವರು ಯಾರು? ಗ್ರಂಥಕರ್ತರು ರಾಜ್ಯದ ಹೊಣೆಯನ್ನು ಮರೆತಿಲ್ಲ. ಆದರೂ ವ್ಯಕ್ತಿಯ ಅಂತಃಸಾಕ್ಷಿಯ ಮೇಲೆ ಅವರಿಟ್ಟಿರುವ ಭರವಸೆ ಅತಿಯಾಯಿತೆಂದು ತೋರುತ್ತದೆ. 2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ, ಬಡ್ಡಿಯಲ್ಲದ ಧರ್ಮಸಮ್ಮತ ಲಾಭವೆಂದು ನಂಬಿ ಹಣ ತೊಡಗಿಸಿದ್ದ ಸಹಸ್ರಾರು ಕುಟುಂಬಗಳು ದೂರು ಹಿಡಿದು ಸಾಲುಗಟ್ಟಿ ನಿಂತವು. ಅಲ್ಲಿ ನೀತಿಯ ಹೆಸರು ಜರಡಿಯಾಗಲಿಲ್ಲ, ತೆರೆಯಾಯಿತು. ಇದರಿಂದ ತತ್ತ್ವವೇ ಸುಳ್ಳಾಯಿತೆಂದು ತೀರ್ಮಾನಿಸುವುದು ತಪ್ಪು. ಬಡ್ಡಿಗೆ ಸಾಲ ಕೊಟ್ಟವನಿಗೆ ಬರತಕ್ಕ ಮೊತ್ತ ಮೊದಲೇ ಗೊತ್ತು. ಮುದಾರಬಾ ಎಂಬ ಪಾಲುದಾರಿಕೆಯಲ್ಲಿ ಹಣ ಹೂಡಿದವನ ಪಾಲಾದರೋ ವ್ಯಾಪಾರದ ನಿಜವಾದ ಲೆಕ್ಕವನ್ನೇ ಅವಲಂಬಿಸಿದೆ. ಆದುದರಿಂದ ಲೆಕ್ಕ ಪರಿಶೋಧನೆ ಬಡ್ಡಿಯ ವ್ಯವಹಾರಕ್ಕಿಂತಲೂ ಇಲ್ಲಿ ಹೆಚ್ಚು ಅಗತ್ಯ.

ಇಸ್ಲಾಮೀ ಇತಿಹಾಸವೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಮಧ್ಯಯುಗದ ನಗರಗಳಲ್ಲಿ ತೂಕ, ಅಳತೆ, ಸರಕಿನ ಗುಣ ಇವನ್ನು ಪರೀಕ್ಷಿಸಲು ಮುಹ್ತಸಿಬ್ ಎಂಬ ಅಧಿಕಾರಿಯಿದ್ದನು. ವರ್ತಕರು ದೈವಭಕ್ತರೆಂಬ ಕಾರಣದಿಂದ ಆ ಹುದ್ದೆ ಅನಗತ್ಯವೆನಿಸಲಿಲ್ಲ. ಸುಸ್ಥಿರ ಅಭಿವೃದ್ಧಿಯ ಯೋಜನೆಗೂ ಇದೇ ನ್ಯಾಯ ಸಲ್ಲುತ್ತದೆ: ಕೆರೆಗೆ ಸೇರುವ ನೀರನ್ನು ಪರೀಕ್ಷಿಸುವವರು, ಠೇವಣಿಯ ಪುಸ್ತಕವನ್ನು ತೆರೆದು ನೋಡುವವರು, ತಪ್ಪಿದವರಿಂದ ನಷ್ಟ ವಸೂಲು ಮಾಡುವವರು ಬೇಕು. ಸಂಪತ್ತು ನ್ಯಾಸವೆಂದು ಒಪ್ಪಿದ ಮೇಲೆ, ಅದನ್ನು ಹಿಡಿದಿರುವವನಿಂದ ಲೆಕ್ಕ ಕೇಳುವ ಅಧಿಕಾರ ಯಾರದೆಂಬುದನ್ನೂ ಹೇಳಬೇಕಾಗುತ್ತದೆ. ಚಾಪ್ರಾ ಅವರನ್ನು ಓದುವ ವಿದ್ಯಾರ್ಥಿಗಳು ಈ ಪ್ರಶ್ನೆಯಿಂದಲೇ ತಮ್ಮ ಅಭ್ಯಾಸವನ್ನು ಮುಂದುವರಿಸತಕ್ಕದ್ದು.